ಎಡಮಗ್ಗುಲು

ಎಚ್ಚರವಾದ ಕೂಡಲೇ ಭರಮಪ್ಪನ ಕೈ ತಾನಾಗಿಯೇ ಹೊಟ್ಟೆಯ ಎಡಮಗ್ಗುಲಿಗೆ ಹೋಯಿತು. ಚೀಲ ಅಲ್ಲೇ ಇತ್ತು, ಬೆಚ್ಚಗೆ, ಅರ್ಧ ತುಂಬಿಕೊಂಡು. ಆದರೆ ಅದರ ಅಂಚಿನಲ್ಲಿ ಬೆರಳಿಗೆ ಹಸಿ ತಾಗಿತು. ಮತ್ತೆ ಬಿಟ್ಟುಕೊಂಡಿದೆ. ಕಣ್ಣು ತೆರೆಯದೆ ಸ್ವಲ್ಪ ಹೊತ್ತು ಹಾಗೇ ಬಿದ್ದುಕೊಂಡ. ಕಣ್ಣು ತೆರೆದರೆ ಏಳಬೇಕು, ಎದ್ದರೆ ನೋಡಬೇಕು. ಹೊರಗೆ ಯಾವ ಸದ್ದೂ ಇರಲಿಲ್ಲ. ಜಿಗಣಿಯ ಈ ಸಾಲುಕೋಣೆಗಳು ಬೆಳಗಿನ ಹೊತ್ತು ಇಷ್ಟು ಸುಮ್ಮನಿದ್ದದ್ದನ್ನು ಅವನು ಬಂದಾಗಿನಿಂದ ಕಂಡಿರಲಿಲ್ಲ. ನಲ್ಲಿಯ ಹತ್ತಿರ ಕೊಡಗಳ ಜಗಳ, ಪಕ್ಕದ ಕೋಣೆಯ ಯಮನೂರನ ಕೆಮ್ಮು, ಯಾರದೋ ಮೊಬೈಲಿನ ಭಜನೆ, ಕುಕ್ಕರಿನ ಸೀಟಿ, ಪಾಳಿ ಮುಗಿಸಿ ಬಂದವರ ಚಪ್ಪಲಿಯ ಸಪ್ಪಳ. ಈ ಗದ್ದಲದಲ್ಲಿ ತನ್ನ ಹೊಟ್ಟೆಯ ಗುಳುಗುಳು ಯಾರಿಗೂ ಕೇಳುವುದಿಲ್ಲ ಎಂಬ ಧೈರ್ಯದ ಮೇಲೆಯೇ ಅವನು ಫೆಬ್ರವರಿ, ಮಾರ್ಚ್ ಕಳೆದಿದ್ದ. ಈಗ ಲಾಕ್‌ಡೌನ್ ಎಂದು ಎಲ್ಲರೂ ಊರು ಸೇರಿದ್ದರು. ಕೊಪ್ಪಳದವರು, ಗದಗಿನವರು, ಯಾದಗಿರಿಯವರು, ಸರ್ಕಾರ ಬಸ್ಸು ಬಿಟ್ಟಿತು ಎಂದು ಕೇಳಿದ ದಿನವೇ ಗಂಟು ಕಟ್ಟಿದ್ದರು. ಬಾಗಿಲುಗಳಿಗೆಲ್ಲ ಬೀಗ. ಉಳಿದವನು ಇವನೊಬ್ಬ. ಹೊಟ್ಟೆ ಗುಳುಗುಳು ಎಂದಾಗ ಆ ಸದ್ದು ಖಾಲಿ ಸಾಲಿನ ಆ ತುದಿಯವರೆಗೂ ಹೋಗುತ್ತದೇನೋ ಎನ್ನಿಸಿ, ಕೇಳುವವರು ಯಾರೂ ಇಲ್ಲದಿದ್ದರೂ ಹೊದಿಕೆಯನ್ನು ಒತ್ತಿ ಹಿಡಿದ.

ಜನವರಿಯಲ್ಲಿ, ಕಲ್ಲು ಪಾಲಿಶ್ ಮಾಡುವ ಶೆಡ್ಡಿನಲ್ಲಿ ಗ್ರಾನೈಟ್ ಹಲಗೆಯ ಮೇಲೆ ನೀರು ಬಿಡುತ್ತ ನಿಂತಿದ್ದವನು ಹೊಟ್ಟೆ ಹಿಡಿದುಕೊಂಡು ಕುಸಿದಿದ್ದ. ಅದಕ್ಕೂ ಬಹಳ ಮೊದಲೇ ರಕ್ತ ಬೀಳುತ್ತಿತ್ತು. ಮೂಲವ್ಯಾಧಿ ಇರಬೇಕು ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಎಲ್ಲರೂ ಸರದಿ ನಿಲ್ಲುವ ಕಕ್ಕಸಿನಲ್ಲಿ ನೀರು ಸುರಿದು ಸುರಿದು ಕೆಂಪು ಕಾಣದಂತೆ ಮಾಡಿ ಹೊರಗೆ ಬರುತ್ತಿದ್ದ. ಬೊಮ್ಮಸಂದ್ರದ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ, ಕರುಳಿನಲ್ಲಿ ಗಡ್ಡೆ, ದಾರಿ ಕಟ್ಟಿಹೋಗಿದೆ ಎಂದು ಆ ಸಂಜೆಯೇ ಕೊಯ್ದರು. ಎಚ್ಚರವಾದಾಗ ಹೊಟ್ಟೆಯ ಎಡಗಡೆ ಕೆಂಪಗೆ, ಹಸಿಹಸಿಯಾಗಿ ಒಂದು ಬಾಯಿ ಇತ್ತು, ಅದರ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಚೀಲ. "ಇದು ಟೆಂಪರರಿ ಭರಮಪ್ಪ," ಎಂದಿದ್ದರು ಡಾಕ್ಟರು. "ಕೀಮೋ ಇಂಜೆಕ್ಷನ್ ಎಲ್ಲಾ ಮುಗೀಲಿ. ಆಮೇಲೆ ಕರುಳು ಜೋಡಿಸಿ ಇದನ್ನ ಮುಚ್ಚಿಬಿಡ್ತೀವಿ." ಟೆಂಪರರಿ ಎಂಬ ಮಾತು ಅವನಿಗೆ ಗೊತ್ತಿತ್ತು. ಶೆಡ್ಡಿನಲ್ಲಿ ಸೇರಿದಾಗಿನಿಂದ ಅವನೂ ಟೆಂಪರರಿಯೇ. ಆದರೂ ಡಾಕ್ಟರ ಬಾಯಿಂದ ಬಂದದ್ದನ್ನು ನಂಬಿದ. ಎರಡು ಸಲ ಇಂಜೆಕ್ಷನ್ ಆಯಿತು. ಮೂರನೆಯದಕ್ಕೆ ಹೊರಡಬೇಕೆಂದಿದ್ದ ದಿನ ಬಸ್ಸು ಇರಲಿಲ್ಲ, ಆಟೋ ಇರಲಿಲ್ಲ, ರಸ್ತೆಯೇ ಇರಲಿಲ್ಲ ಎನ್ನುವ ಹಾಗಿತ್ತು. ಆಸ್ಪತ್ರೆಯಿಂದ ಒಂದು ಹೆಣ್ಣು ದನಿ ಫೋನು ಮಾಡಿ, ನಿಮ್ಮ ವಾರ್ಡನ್ನು ಕೊರೋನಾದವರಿಗೆ ಬಿಟ್ಟುಕೊಟ್ಟಿದ್ದಾರೆ, ಈಗ ಇಲ್ಲಿಗೆ ಬಂದರೆ ನಿಮಗೇ ಅಪಾಯ, ನಾವೇ ಕರೆಯುತ್ತೇವೆ ಎಂದಿತು. ಆವತ್ತಿನಿಂದ ಫೋನನ್ನು ಅವನು ಅಂಗಿಯ ಜೇಬಿನಿಂದ ತೆಗೆದದ್ದು ಕಡಿಮೆ.

ಎದ್ದು ಕೂತು ಅಂಗಿ ಎತ್ತಿ ನೋಡಿಕೊಂಡ. ಚೀಲದ ಸುತ್ತ ಚರ್ಮ ಸುಟ್ಟಂತೆ ಕೆಂಪೇರಿ ಒಂದು ಕಡೆ ನೀರು ಒಸರುತ್ತಿತ್ತು. ಒಂದೊಂದು ಚೀಲವನ್ನು ತೊಳೆದು, ಒಣಗಿಸಿ, ಮತ್ತೆ ಮತ್ತೆ ಹಾಕಿಕೊಂಡದ್ದರಿಂದ ಅಂಟು ಹೋಗಿತ್ತು. ಹೊಸದು ಸಿಗುತ್ತಿದ್ದ ಅಂಗಡಿ ಆಸ್ಪತ್ರೆಯ ಎದುರಿಗೇ ಇದ್ದದ್ದು. ಈಚೆಗೆ ಹಾಲಿನ ಪಾಕೀಟನ್ನು ಕತ್ತರಿಸಿ ಅಂಚಿಗೆ ಸೇರಿಸಿ, ಹೆಂಡತಿ ಸವಿತಾಳ ಹಳೆಯ ಸೀರೆಯ ತುಂಡಿನಿಂದ ನಡುವಿಗೆ ಬಿಗಿದುಕೊಳ್ಳುತ್ತಿದ್ದ. ಸೀರೆಯ ತುಂಡನ್ನು ಬಿಚ್ಚುವಾಗ ಅವಳ ಮುಖ ನೆನಪಾಯಿತು, ಗೋಡೆಯ ಕಡೆ ತಿರುಗಿದ ಮುಖ. ಆಸ್ಪತ್ರೆಯಿಂದ ಬಂದ ಮೊದಲ ವಾರಗಳಲ್ಲಿ ಅವಳೇ ಎಲ್ಲ ಮಾಡುತ್ತಿದ್ದಳು. ಕೂಸಿನ ಕುಂಡಿ ತೊಳೆದಷ್ಟೇ ಸಲೀಸಾಗಿ, ಮಾತಾಡುತ್ತ, ಊರಿನ ಸುದ್ದಿ ಹೇಳುತ್ತ. ಒಂದು ದಿನ ಚೀಲ ಬಿಚ್ಚುವಾಗ ಅದು ಒಮ್ಮೆಲೇ ಅವಳ ಕೈಮೇಲೆ ಬಂತು. ಅವಳ ಕುತ್ತಿಗೆಯ ನರ ಬಿಗಿದುಕೊಂಡಿತು, ಮುಖ ಗೋಡೆಗೆ ತಿರುಗಿತು, ಎದ್ದು ಹೊರಗೆ ಹೋದಳು. ಚರಂಡಿಯ ಹತ್ತಿರ ಅವಳು ವಾಂತಿ ಮಾಡಿಕೊಂಡ ಸದ್ದು ಅವನಿಗೆ ಕೇಳಿಸಿತು. ಮರಳಿ ಬಂದಾಗ ಕಣ್ಣು ಕೆಂಪಗಾಗಿದ್ದವು, ತುಟಿಯ ಮೇಲೆ ನಗು ತಂದುಕೊಂಡಿದ್ದಳು. ಆ ನಗುವನ್ನು ಅವನು ಸಹಿಸಲಾರದೇ ಹೋದ. ವಾಂತಿಯನ್ನಾದರೂ ಸಹಿಸಬಹುದಿತ್ತು. ಮರುದಿನದಿಂದ ಬಾಗಿಲು ಹಾಕಿಕೊಂಡು ತಾನೇ ಮಾಡಿಕೊಳ್ಳತೊಡಗಿದ. ಅವಳು ಹೊರಗೆ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಿದ್ದಳು. "ಬಿಸಿನೀರು ಕೊಡ್ಲೇನು?" ಎಂದು ಕೇಳಿದರೆ "ಬ್ಯಾಡ" ಎನ್ನುತ್ತಿದ್ದ.

ಬಸ್ಸು ಬಿಟ್ಟರು ಎಂದಾಗ ಹೋಗು ಎಂದವನು ಅವನೇ. "ಅವ್ವಗ ಕಣ್ಣು ಮಂಜಾಗ್ಯಾವ. ರಕ್ಷಿತಾನ್ನ ನೋಡವ್ರು ಯಾರು ಅಲ್ಲಿ? ಯಮನೂರನ ಮನಿಯವ್ರ ಜೋಡಿ ನೀ ಹೋಗು." ಕುಷ್ಟಗಿಯ ಹತ್ತಿರದ ಊರಿನಲ್ಲಿ ಅವನ ತಾಯಿ ಮುದುಕವ್ವನ ಬಳಿ ಮಗಳು ಓದುತ್ತಿದ್ದಳು. ಅದು ಸುಳ್ಳಲ್ಲ. "ನಿಮ್ಮನ್ನ ಯಾರು ನೋಡ್ತಾರ?" ಎಂದಳು ಸವಿತಾ. "ನನಗ ನನ್ನ ಕೈ ಅದಾವ." "ಆಸ್ಪತ್ರಿಯವ್ರು ಕರದ್ರ?" "ಕರದಾಗ ನೋಡೂಣು." ಅವಳು ಬಟ್ಟೆಯ ಗಂಟನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದಳು. "ನನ್ನ ಮ್ಯಾಲ ಸಿಟ್ಟಾಗೀರೇನು?" "ಸಿಟ್ಟು ಯಾಕ?" ಎಂದು ಬೇರೆ ಕಡೆ ನೋಡಿದ. ಅವರೆಲ್ಲ ತಲೆಯ ಮೇಲೆ ಚೀಲ ಹೊತ್ತು ರಸ್ತೆಯ ತಿರುವಿನಲ್ಲಿ ಮರೆಯಾದಾಗ ಅವನ ಎದೆಯೊಳಗೆ ಏನೋ ಸಡಿಲಾಯಿತು. ಬಾಗಿಲು ತೆರೆದಿಟ್ಟುಕೊಂಡೇ ಅಂಗಿ ಬಿಚ್ಚಿ ಕೂತ. ಎಷ್ಟೋ ದಿನಗಳ ಮೇಲೆ ಉಸಿರನ್ನು ಪೂರ್ತಿ ಬಿಟ್ಟ. ಆ ನೆಮ್ಮದಿ ಒಂದು ಸಂಜೆಯಷ್ಟು ಬಾಳಿತು. ಕತ್ತಲಾಗುವ ಹೊತ್ತಿಗೆ, ಹೆಂಡತಿಯನ್ನು ಕಳಿಸಿ ಖುಷಿಪಟ್ಟ ಗಂಡಸು ನಾನು ಎನ್ನಿಸಿ, ಅವಳು ಮಾಡಿಟ್ಟು ಹೋದ ರೊಟ್ಟಿಯನ್ನು ಮುರಿಯದೆ ಹಾಗೇ ಮುಚ್ಚಿಟ್ಟ.

ಅವಳು ಫೋನು ಮಾಡಿದಾಗಲೆಲ್ಲ "ಆರಾಮ ಅದೀನಿ" ಎನ್ನುತ್ತಿದ್ದ. ಆರಾಮವೆಂದರೆ ಏನು ಎಂದು ಅವಳು ಕೇಳುತ್ತಿರಲಿಲ್ಲ. ಒಂದು ವಿಧದಲ್ಲಿ ಆರಾಮವೂ ಇತ್ತು. ಮಾರ್ಚಿಗೂ ಮೊದಲು, ಆಸ್ಪತ್ರೆಗೆ ಹೋಗುವ ಶೇರ್ ಆಟೋದಲ್ಲಿ ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು ಹೊರಗೆ ನೋಡುತ್ತ ಕೂತಿದ್ದಳು. ದಾರಿಯುದ್ದಕ್ಕೂ ಅವನು ಮೊಣಕಾಲು ಕೂಡಿಸಿ ಮೈ ಕುಗ್ಗಿಸಿದ್ದ. ಈಗ ರೇಷನ್ ಅಂಗಡಿಯ ಮುಂದೆ ಸುಣ್ಣದ ಗೆರೆ ಹಾಕಿದ ವೃತ್ತದಲ್ಲಿ ನಿಂತಾಗ, ಹಿಂದಿನವನು ದೂರ, ಮುಂದಿನವನು ದೂರ, ಎಲ್ಲರ ಮೂಗಿಗೂ ಬಟ್ಟೆ. ಇಡೀ ಜಿಗಣಿ ಮೂಗು ಮುಚ್ಚಿಕೊಂಡಿತ್ತು, ತನ್ನ ದೆಸೆಯಿಂದ ಅಲ್ಲ. ಆ ವೃತ್ತದೊಳಗೆ ನಿಂತು ಅವನಿಗೆ ಒಂದು ಕಳ್ಳ ಸುಖವಾಗಿತ್ತು. ಜನ ಸಾಯುತ್ತಿದ್ದಾರೆ ಎಂದು ಸುದ್ದಿ ಬರುತ್ತಿರುವಾಗ ಇದು ಹೀಗೇ ಇರಲಿ ಎಂದು ಮನಸ್ಸು ಹೇಳಿತಲ್ಲ ಎಂದು, ಅಕ್ಕಿ ಹೊತ್ತು ಬರುವಾಗ, ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹೋದ ವಾರ ಆಸ್ಪತ್ರೆಯಿಂದ ವಿಡಿಯೋ ಕಾಲ್ ಬಂದಿತ್ತು. ಕೋಣೆಯಲ್ಲಿ ಸಿಗ್ನಲ್ ನಿಲ್ಲದೆ ಮನೆ ಮಾಲೀಕ ವೆಂಕಟಪ್ಪನ ತಾರಸಿಗೆ ಓಡಿದ. ಯಾರೋ ಹೊಸ ಡಾಕ್ಟರು, ಚಿಕ್ಕ ವಯಸ್ಸಿನವರು, ಮುಖ ತುಂಡುತುಂಡಾಗಿ ಕಾಣುತ್ತಿತ್ತು. "ಸ್ಟೋಮಾ ತೋರ್ಸಿ. ಇನ್ನೂ ಹತ್ರ. ಫೋನ್ ಅಲ್ಲಾಡಿಸ್ಬೇಡಿ." ಅವನು ಒಂದು ಕೈಯಲ್ಲಿ ಅಂಗಿ ಎತ್ತಿ, ಚೀಲ ಸರಿಸಿ, ಆ ಕೆಂಪು ಬಾಯಿ ಕಾಣುವಂತೆ ಇನ್ನೊಂದು ಕೈಯಲ್ಲಿ ಫೋನನ್ನು ಹೊಟ್ಟೆಯ ಮುಂದೆ ಹಿಡಿದು ನಿಂತಿದ್ದಾಗ, ಬಟ್ಟೆ ಒಣಹಾಕಲು ಬಂದ ವೆಂಕಟಪ್ಪನ ಹೆಂಡತಿ ಗಂಗಮ್ಮ ಮೆಟ್ಟಿಲ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಬಕೆಟ್ಟನ್ನು ಅಲ್ಲೇ ಇಟ್ಟು, ಏನೂ ನೋಡದವಳ ಹಾಗೆ ಇಳಿದುಹೋದಳು. ಅಷ್ಟರಲ್ಲಿ ಕಾಲ್ ಕಟ್ಟಾಗಿತ್ತು. ಆ ಸಂಜೆ ವೆಂಕಟಪ್ಪ ಗೇಟಿನ ಆಚೆ ನಿಂತು ಹೇಳಿದ: "ಎಲ್ರೂ ಊರ್ಗ್ ಓದ್ರು, ನೀನ್ಯಾಕಪ್ಪ ಉಳ್ಕಂಡೆ? ಓಗಾಂಗಿದ್ರೆ ಓಗು. ನಾನೇನೂ ಅನ್ನಾಕಿಲ್ಲ. ಆದ್ರೆ ತಾರ್ಸಿಗ್ ಮಾತ್ರ ಅತ್ತಬ್ಯಾಡ." ಅವನು ತಲೆಯಾಡಿಸಿದ. ಸಿಗ್ನಲ್ ನಿಲ್ಲದ ಕೋಣೆಯಲ್ಲಿ ಇನ್ನು ಆಸ್ಪತ್ರೆಯ ಫೋನು ಬಂದರೂ ಗೊತ್ತಾಗುವುದು ಹೇಗೆ ಎಂದು ಕೇಳಬೇಕೆನ್ನಿಸಿತು.

ಇವತ್ತು ಚರ್ಮದಿಂದ ಒಸರುತ್ತಿದ್ದ ನೀರನ್ನು ನೋಡಿ ಅವನು ನಡೆದೇ ಹೋಗುವುದೆಂದು ಹೊರಟ. ಬೊಮ್ಮಸಂದ್ರದ ಕಡೆಯ ರಸ್ತೆಯಲ್ಲಿ ಕಾರ್ಖಾನೆಗಳ ಗೇಟು ಮುಚ್ಚಿದ್ದವು. ಲಾರಿಗಳ ಧೂಳಿಲ್ಲದೆ ಗುಲ್‌ಮೊಹರ್ ಮರಗಳು ಎಂದೂ ಕಾಣದಷ್ಟು ಕೆಂಪಾಗಿದ್ದವು. ಬಿಸಿಲು ಏರುತ್ತಿದ್ದಂತೆ ಬೆವರಿಗೆ ಸೀರೆಯ ಪಟ್ಟಿ ಜಾರುತ್ತಿತ್ತು. ಅಂಗೈಯಿಂದ ಒತ್ತಿ ಹಿಡಿದು ನಡೆದ. ದೂರದಿಂದ ನೋಡಿದವರಿಗೆ ಏನನ್ನೋ ಬಚ್ಚಿಟ್ಟುಕೊಂಡು ಹೋಗುವವನಂತೆ ಕಂಡಿರಬೇಕು. ಬ್ಯಾರಿಕೇಡಿನ ಹತ್ತಿರ ಪೊಲೀಸಿನವನು ಲಾಠಿಯನ್ನು ಅಡ್ಡ ಹಿಡಿದ.

"ಎಲ್ಲಿಗೆ?"

"ಆಸ್ಪತ್ರಿಗ್ರಿ ಸಾಹೇಬ್ರ."

"ಬೆಳಿಗ್ಗೆಯಿಂದ ಎಲ್ರೂ ಆಸ್ಪತ್ರೆ ಅಂತಾನೇ ಹೇಳ್ತಿದೀರ. ಪಾಸ್ ಎಲ್ಲಿ? ಹೊಟ್ಟೇಲಿ ಏನ್ ಇಟ್ಕೊಂಡಿದೀಯ, ಬಾಟ್ಲಾ? ಕೈ ತೆಗಿ."

ಭರಮಪ್ಪ ಅಂಗಿ ಎತ್ತಿದ. ಪೊಲೀಸಿನವನ ಮುಖದಲ್ಲಿ ಮಾಸ್ಕಿನ ಮೇಲೆ ಕಾಣುತ್ತಿದ್ದದ್ದು ಕಣ್ಣು ಮಾತ್ರ. ಆ ಕಣ್ಣುಗಳು ಮೊದಲು ಅರ್ಥವಾಗದೆ ನೋಡಿದವು, ಅರ್ಥವಾದ ಮೇಲೆ ಎಲ್ಲಿ ನೋಡಬೇಕೆಂದು ತಿಳಿಯದೆ ಮರದ ಕಡೆ ಹೋದವು. "ಮುಚ್ಕೋ, ಮುಚ್ಕೋ ಮಾರಾಯ," ಎಂದು ಹಿಂದೆ ಸರಿದ. ಬ್ಯಾರಿಕೇಡು ಎಳೆದು ದಾರಿ ಬಿಟ್ಟು, ಇವನು ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಕೂಗಿದ: "ನೀರ್ ಬೇಕಾ?" ಭರಮಪ್ಪ ತಿರುಗಿ ನೋಡದೆ ಕೈಯಾಡಿಸಿ ಬೇಡವೆಂದ. ಗಂಟಲು ಒಣಗಿತ್ತು. ಆದರೆ ತಿರುಗಿದರೆ ಆ ಕಣ್ಣುಗಳನ್ನು ಮತ್ತೆ ನೋಡಬೇಕಾಗುತ್ತಿತ್ತು.

ಆಸ್ಪತ್ರೆಯ ಗೇಟಿನಲ್ಲಿ ಹಣೆಗೆ ಗನ್ನಿನಂಥದ್ದನ್ನು ಹಿಡಿದ ಸೆಕ್ಯೂರಿಟಿಯವನು, ಕ್ಯಾನ್ಸರ್ ಓಪಿಡಿ ಇಲ್ಲ, ಒಳಗೆ ಬಿಡುವುದಿಲ್ಲ ಎಂದ. ಭರಮಪ್ಪ ಬೈಕು ನಿಲ್ಲಿಸುವ ಶೀಟಿನ ನೆರಳಿನಲ್ಲಿ ನೆಲಕ್ಕೆ ಕೂತುಬಿಟ್ಟ. ಜಗಳವಾಡುವ ಶಕ್ತಿಯಿಲ್ಲದೆ ಕೂತದ್ದು. ಆದರೆ ಸೆಕ್ಯೂರಿಟಿಯವನಿಗೆ ಅದು ಹಟದಂತೆ ಕಂಡಿತೋ ಏನೋ, ಒಳಗೆ ಫೋನು ಮಾಡಿದ. ಬಹಳ ಹೊತ್ತಿನ ಮೇಲೆ ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ ಉಡುಪು ತೊಟ್ಟ ಒಂದು ಆಕೃತಿ ಟ್ರೇ ಹಿಡಿದು ಬಂತು. ಎದೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಶಾಂತಿ ಎಂದು ಬರೆದಿತ್ತು. ಆಪರೇಷನ್ ಆದಾಗ ಚೀಲ ಹಾಕುವುದನ್ನು ಕಲಿಸಿದ್ದ ಸಿಸ್ಟರ್ ಅವಳು. ಆಗ ಅವಳ ಮುಖವನ್ನು ಅವನು ಸರಿಯಾಗಿ ನೋಡಿರಲಿಲ್ಲ, ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದ. ಈಗ ನೋಡಬೇಕೆಂದರೆ ಮುಖವಿರಲಿಲ್ಲ.

"ಅಣ್ಣ, ಶರ್ಟ್ ಎತ್ತಿ ಇಟ್ಕೊಳ್ಳಿ. ಅಯ್ಯೋ, ಏನ್ ಮಾಡ್ಕೊಂಡಿದೀರ ಇದು? ಹಾಲಿನ್ ಕವರಾ?"

"ಅಂಗಡಿ ಬಂದ್ ಇದ್ವರಿ."

ಅವಳು ಬೈಯಲಿಲ್ಲ. ಮೊಣಕಾಲೂರಿ ಕೂತು, ಎರಡೆರಡು ಗ್ಲೌಸಿನ ಕೈಗಳಿಂದ ಪಟ್ಟಿ ಬಿಚ್ಚಿ, ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಒರೆಸತೊಡಗಿದಳು. ಹತ್ತಿ ಚರ್ಮಕ್ಕೆ ತಾಗಿದಾಗ ಅವನ ಮೈ ನಡುಗಿತು. ನೋವಿಗಲ್ಲ. ಸವಿತಾ ಹೋದ ಮೇಲೆ ಇನ್ನೊಂದು ಜೀವ ಅವನನ್ನು ಮುಟ್ಟಿದ್ದು ಇದೇ ಮೊದಲು, ಅದೂ ಪ್ಲಾಸ್ಟಿಕ್ಕಿನ ಮೂಲಕ. ಅವಳ ಕನ್ನಡಕದ ಒಳಗೆ ಹಬೆ ಕಟ್ಟಿ ಬೆವರು ಹನಿಹನಿಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳುವಂತಿರಲಿಲ್ಲ. "ಈ ಪೌಡರ್ ಹಾಕಿ, ಒಣಗಿದ್ಮೇಲೆ ಅಂಟ್ಸಿ. ಅವಸರ ಮಾಡ್ಬೇಡಿ," ಎನ್ನುತ್ತ ನಡುವೆ ತನ್ನದನ್ನೂ ಹೇಳಿದಳು: ಮನೆಗೆ ಹೋಗದೆ ಹಾಸ್ಟೆಲಿನಲ್ಲಿದ್ದೇನೆ, ಮಗಳು ವಿಡಿಯೋದಲ್ಲಿ ನೋಡಿದರೆ ಫೋನು ತಿರುಗಿಸಿ ಇಟ್ಟುಬಿಡುತ್ತಾಳೆ, ಕೋಪ ಅವಳಿಗೆ.

"ಇಂಜೆಕ್ಷನ್ ಯಾವಾಗ್ರಿ ಸಿಸ್ಟರ್? ಮುಚ್ಚೂದು ಯಾವಾಗ?"

ಅವಳ ಕೈ ನಿಂತಿತು. "ಗೊತ್ತಿಲ್ಲ ಅಣ್ಣ. ಸುಳ್ಳು ಹೇಳಕ್ಕೆ ಮನಸ್ಸು ಬರ್ತಿಲ್ಲ. ನಮ್ ವಾರ್ಡಿನ ಡಾಕ್ಟ್ರುಗಳೆಲ್ಲ ಆ ಕಡೆ ಡ್ಯೂಟಿಲಿದಾರೆ. ನಿಮ್ ಥರ ತುಂಬಾ ಜನ ಕಾಯ್ತಾ ಇದಾರೆ. ಫೋನ್ ಸಿಗೋ ಹಾಗೆ ಇಟ್ಕೊಳ್ಳಿ." ಹೋಗುವಾಗ ಒಂದು ಕವರಿನ ತುಂಬ ಚೀಲಗಳನ್ನು ತಂದುಕೊಟ್ಟಳು. ಅವನು ಕೈಮುಗಿದಾಗ ಅವಳು ಆಗಲೇ ತಿರುಗಿದ್ದಳು. ಹಿಂದಿನಿಂದ ನೋಡಿದರೆ ಅಲ್ಲಿ ಓಡಾಡುತ್ತಿದ್ದ ಬಿಳಿ ಉಡುಪಿನವರಲ್ಲಿ ಅವಳು ಯಾರೆಂದು ಗುರುತು ಹತ್ತಲಿಲ್ಲ.

ಮಳೆಗಾಲ ಬಂತು. ಶೆಡ್ಡಿನವರು ಬೇರೆ ಹುಡುಗರನ್ನು ಕರೆಸಿಕೊಂಡು ಕೆಲಸ ಶುರುಮಾಡಿದರು. ಸಾಲಿನ ಕೆಲವು ಕೋಣೆಗಳಿಗೆ ಒಡಿಶಾದವರು ಬಂದರು. ಅವರ ಮಾತು ಇವನಿಗೆ ತಿಳಿಯದು, ಇವನ ಮೌನ ಅವರಿಗೆ ತಿಳಿಯದು. ಫೋನನ್ನು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದರೆ ಒಂದು ಕಡ್ಡಿ ಸಿಗ್ನಲ್ ಬರುತ್ತದೆ ಎಂದು ಕಂಡುಕೊಂಡ. ಅದರ ಕೆಳಗೇ ಕೂತಿರುತ್ತಿದ್ದ. ಎಂದಾದರೂ ಕರೆ ಬಂದರೆ ಸಾಲ ಬೇಕೇ ಎಂದು ಕೇಳುವವರದು; ತಾನೇ ಹಚ್ಚಿದರೆ ಕೆಮ್ಮಿನಿಂದ ಶುರುವಾಗುವ ಕೊರೋನಾ ಜಾಹೀರಾತು. ಕೊನೆಗೆ ಆಸ್ಪತ್ರೆಯವರು ಕರೆದದ್ದು ಸೆಪ್ಟೆಂಬರಿನಲ್ಲಿ. ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ, ಆಮೇಲೆ ಸ್ಕ್ಯಾನಿಂಗ್. ಆಪರೇಷನ್ ಮಾಡಿದ್ದ ಹಳೆಯ ಡಾಕ್ಟರೇ ಇದ್ದರು, ಮೇಜಿನ ನಡುವೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟಿತ್ತು. ತುಂಬ ಇಳಿದುಹೋಗಿದ್ದರು. ಅವರಿಗೂ ಕೊರೋನಾ ಬಂದು ಹೋಗಿತ್ತಂತೆ.

"ಜೊತೇಲಿ ಯಾರು ಬಂದಿದಾರೆ?"

"ಯಾರೂ ಇಲ್ರಿ."

"ಮನೆಯವರನ್ನ ಕರ್ಕೊಂಡು ಬನ್ನಿ ಭರಮಪ್ಪ. ಅವರ ಹತ್ರ ಮಾತಾಡ್ತೀನಿ."

ಭರಮಪ್ಪ ಏಳಲಿಲ್ಲ. "ನನಗ ಹೇಳ್ರಿ ಸಾರ್," ಎಂದ. "ಹೊಟ್ಟಿ ನಂದಲ್ರಿ."

ಡಾಕ್ಟರು ಪರದೆಯ ಆಚೆಯಿಂದ ಸ್ಕ್ಯಾನಿಂಗಿನ ರಿಪೋರ್ಟನ್ನು ಇವನ ಕಡೆ ತಿರುಗಿಸಿದರು. ಲಿವರಿನಲ್ಲಿ ಎರಡು ಕಡೆ ಕಾಣಿಸಿಕೊಂಡಿದೆ ಎಂದರು. ಬೇರೆ ಇಂಜೆಕ್ಷನ್ ಕೊಡಬೇಕು, ಹೆಚ್ಚು ಖಾರದ್ದು. ಕರುಳು ಜೋಡಿಸುವ ಮಾತು ಸದ್ಯಕ್ಕಿಲ್ಲ. ಚೀಲ ಇರುತ್ತದೆ. "ನಡುವ ಬಿಟ್ಟಿದ್ದಕ್ಕ ಹಿಂಗಾತೇನ್ರಿ?" ಎಂದು ಕೇಳಿದ. "ಗ್ಯಾಪ್ ಆಯ್ತು," ಎಂದರು ಡಾಕ್ಟರು. "ಗ್ಯಾಪ್ ಆಗದೇ ಇದ್ದಿದ್ರೂ ಬರ್ತಿತ್ತೋ ಏನೋ. ಅದನ್ನ ಯಾರೂ ಹೇಳಕ್ಕಾಗಲ್ಲ. ನಾನೂ ಅದನ್ನೇ ಯೋಚ್ನೆ ಮಾಡ್ತಿರ್ತೀನಿ." ಅವರು ಇದನ್ನು ತನಗೆ ಹೇಳಿದರೋ, ತಮಗೇ ಹೇಳಿಕೊಂಡರೋ ಎಂದು ಅವನಿಗೆ ತಿಳಿಯಲಿಲ್ಲ. ಬೈಯಬೇಕೆಂದರೆ ಯಾರನ್ನು ಬೈಯುವುದು? ಎದ್ದು ನಿಂತು, ಅಭ್ಯಾಸದಂತೆ, ಬರ್ತೀನ್ರಿ ಎಂದ.

ಹೊರಗೆ ಹೊಸೂರು ರಸ್ತೆ ಮತ್ತೆ ತುಂಬಿತ್ತು. ಕಂಪನಿ ಬಸ್ಸುಗಳು, ಲಾರಿಗಳು, ಹಾರ್ನು. ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತು ಸವಿತಾಗೆ ಫೋನು ಹಚ್ಚಿದ. ಅವಳು "ಹೆಂಗದೀರಿ?" ಎಂದಳು. ಆರಾಮ ಅದೀನಿ ಎನ್ನಲು ಬಾಯಿ ತೆರೆದ, ಬರಲಿಲ್ಲ. ಲಾರಿಯೊಂದು ಹಾದುಹೋಯಿತು. ಆಮೇಲೆ ಎಲ್ಲ ಹೇಳಿದ, ಡಾಕ್ಟರು ಹೇಳಿದ್ದನ್ನು, ಹಾಲಿನ ಪಾಕೀಟನ್ನು, ಪೊಲೀಸಿನವನನ್ನು. ಹಿಂದುಮುಂದಾಗಿ, ಯಾರದೋ ಸುದ್ದಿಯಂತೆ. ಕಟ್ಟಾಯಿತೇನೋ ಎಂದು ಫೋನು ನೋಡಿಕೊಂಡ.

"ಬರ್ಲೇನು?" ಎಂದಳು ಸವಿತಾ.

ಅವನು ಸುಮ್ಮನಿದ್ದ. ಅವಳಿಗೆ ಆ ಮೌನ ಗೊತ್ತಿತ್ತೆಂದು ಕಾಣುತ್ತದೆ. ಹೇಳಿದಳು: "ನಿಮಗ ಹೇಳಿದ್ದಿಲ್ಲ. ಹ್ವಾದ ತಿಂಗಳ ನನಗೂ ಜ್ವರ ಬಂದು ಹೋತು, ಅದ ಇರಬೇಕು. ಜ್ವರ ಹೋತು ಖರೆ, ಮೂಗಿಗಿ ವಾಸನಿ ಹತ್ತವಲ್ದು. ಬಳ್ಳೊಳ್ಳಿ ಜಜ್ಜಿ ಹಿಡದ್ರೂ ಗೊತ್ತಾಗವಲ್ದು. ಈಗರ ಬರ್ಲೇನು?"

ಎದುರಿನ ರಸ್ತೆ ಕಣ್ಣಿನಲ್ಲಿ ಕಲಸಿಹೋಯಿತು. ತಾನು ಯಾಕೆ ಕಳಿಸಿದೆನೆಂದು ಅವಳಿಗೆ ಮೊದಲಿನಿಂದಲೂ ತಿಳಿದಿತ್ತು. ತಿಳಿದೇ ಗಂಟು ಕಟ್ಟಿದ್ದಳು, ಬಿಚ್ಚಿದ್ದಳು, ಕಟ್ಟಿದ್ದಳು. "ಬಾ," ಎಂದ.

ಮಗಳನ್ನೂ ಅವ್ವನನ್ನೂ ಓಣಿಯವರಿಗೆ ಒಪ್ಪಿಸಿ ಅವಳು ಬಂದಿಳಿದ ಸಂಜೆ, ಕೈಕಾಲು ತೊಳೆದವಳೇ "ಅಂಗಿ ಎತ್ರಿ" ಎಂದಳು. ಅವನು ಒಮ್ಮೆ ಬಾಗಿಲ ಕಡೆ ನೋಡಿದ, ಆಮೇಲೆ ಮಲಗಿದ. ಅವಳು ಚೀಲ ಬಿಚ್ಚುವಾಗ ಅವನು ಅವಳ ಕುತ್ತಿಗೆಯನ್ನೇ ನೋಡುತ್ತಿದ್ದ. ಯಾವ ನರವೂ ಬಿಗಿಯಲಿಲ್ಲ. ರಕ್ಷಿತಾ ಉದ್ದ ಬೆಳೆದದ್ದು, ಅತ್ತೆ ಎಮ್ಮೆಯನ್ನು ಮಾರಲು ಬಿಡದೆ ಅತ್ತದ್ದು, ಎಲ್ಲ ಹೇಳುತ್ತ ಒರೆಸಿ, ಪೌಡರು ಹಾಕಿ, ಒಣಗುವವರೆಗೆ ಸೆರಗಿನಿಂದ ಗಾಳಿ ಬೀಸಿದಳು. ಪಾಪ, ಏನೂ ವಾಸನೆ ಹತ್ತುವುದಿಲ್ಲ ಎಂದುಕೊಂಡ. ಅವಳ ಆ ಊನಕ್ಕೆ ಮನಸ್ಸಿನಲ್ಲೇ ಕೈಮುಗಿದ. ಆ ರಾತ್ರಿ ಎಷ್ಟೋ ತಿಂಗಳ ಮೇಲೆ ಗಾಢವಾಗಿ ನಿದ್ದೆ ಹೋದ.

ಬೆಳಿಗ್ಗೆ ಎಚ್ಚರವಾದಾಗ ಅವಳು ಒಲೆಯ ಮುಂದೆ ನಿಂತಿದ್ದಳು, ಅವನಿಗೆ ಬೆನ್ನು ಮಾಡಿ. ಹಿಂದಿನ ದಿನದ ಹಾಲಿನ ಪಾತ್ರೆಯ ಮುಚ್ಚಳ ತೆಗೆದು, ಬಗ್ಗಿ, ಮೂಗಿನ ಹತ್ತಿರ ತಂದುಕೊಂಡಳು. "ಹುಳಿ ವಾಸನಿ ಹೊಡ್ಯಾಕತ್ತೈತಿ," ಎಂದು ತನ್ನಷ್ಟಕ್ಕೆ ಅಂದುಕೊಂಡು ಹೊರಗೆ ಹೋಗಿ ಚರಂಡಿಗೆ ಚೆಲ್ಲಿ ಬಂದಳು. ಜಜ್ಜಿದ ಬೆಳ್ಳುಳ್ಳಿಯ ವಾಸನೆಯೂ ಹತ್ತುವುದಿಲ್ಲ ಎಂದಿದ್ದಳು ಫೋನಿನಲ್ಲಿ. ಭರಮಪ್ಪ ಅಲುಗಾಡದೆ ಮಲಗಿದ್ದ. ನಿನ್ನೆ ಸಂಜೆ ಅಷ್ಟು ಹತ್ತಿರ ಬಗ್ಗಿ, ಅಷ್ಟು ಹೊತ್ತು, ಉಸಿರು ಬಿಗಿಹಿಡಿಯದೆ ಎಮ್ಮೆಯ ಸುದ್ದಿ ಹೇಳಿದ್ದಳು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅದಕ್ಕೇ ಮೈಯನ್ನು ಗಟ್ಟಿಮಾಡಿಕೊಂಡು ಬಂದಿದ್ದಳೇನೋ.

ಅವಳು ಬಿಸಿನೀರಿನ ಬೋಗುಣಿ, ಹತ್ತಿ ಹಿಡಿದು ಬಂದಾಗ ಅವನು ಕಣ್ಣು ಮುಚ್ಚಿಕೊಂಡ. ಅವಳು ಪಕ್ಕದಲ್ಲಿ ಕೂತದ್ದು ತಿಳಿಯಿತು.

"ಎದ್ದೀರೇನು?"

"ಈಗ ಎದ್ದೆ ನೋಡು," ಎಂದು ಭರಮಪ್ಪ ತಾನೇ ಅಂಗಿ ಎತ್ತಿ ಹಿಡಿದುಕೊಂಡ.